ಮಾರ್ಥಕ್ಕನ ಹೆಸರಿಗೊಂದು ಪ್ರಾಸ

ಪ್ರಾಸಪ್ರಿಯ ಮಹಾಜನರೇ, ಇಂದಿನ ಉಪನ್ಯಾಸದ ವಿಷಯ: ಚರ್ಚಿನ ಹಾಡಿನಲ್ಲಿ ಮನುಷ್ಯರ ಹೆಸರು ಏಕೆ ಬರಬಾರದು. ದಯಮಾಡಿ ಆಕಳಿಸಬೇಡಿ.

ನಿನ್ನೆ ವಿದ್ಯಾನಗರದ ರಿಪೇರಿ ಅಂಗಡಿಯಲ್ಲಿ ಯಾರದೋ ಹಾರ್ಮೋನಿಯಂ ಬಿಚ್ಚಿದ್ದರು. ಹಳೆಯ ಚರ್ಮದ, ನುಸಿಗುಳಿಗೆಯ ವಾಸನೆ. ಹರಿಹರದ ನಮ್ಮ ಚರ್ಚಿನ ಹಾರ್ಮೋನಿಯಂ ಪೆಟ್ಟಿಗೆಯ ವಾಸನೆಯೂ ಅದೇ. ಅದನ್ನು ನುಡಿಸುತ್ತಿದ್ದವರು ಮಾರ್ಥಕ್ಕ. ಕೆಮ್ಮು ಬಂದರೂ ತಾಳ ಕೆಡದಂತೆ ಎರಡು ಸಾಲುಗಳ ನಡುವೆಯೇ ಕೆಮ್ಮಿ ಮುಗಿಸುತ್ತಿದ್ದರು. ಕೊನೆಗೆ ಕೆಮ್ಮು ಉಳಿದು ಹಾಡು ನಿಂತಿತು.

ಹಾಸಿಗೆ ಹಿಡಿದ ಮೇಲೆ, ಪಿಯುಸಿ ಓದುತ್ತ ಪ್ರಾಸ ಕಟ್ಟುತ್ತಿದ್ದ ನನ್ನನ್ನು ಕರೆಸಿದರು.

"ನನ್ನ ಮಣ್ಣಿಗೆ ಒಂದು ಹಾಡು ಬರಕೊಡಪ್ಪ. ಅದ್ರಾಗೆ ನನ್ನ ಹೆಸ್ರು ಒಂದ್ಸಲ ಬರ್ಲಿ. ಹೆಸ್ರು ಹೇಳಾಕೆ ನಂಗೆ ಮಕ್ಳಿಲ್ಲ."

ವಾರ ಬಿಟ್ಟು ಹೋಗಿ ಓದಿದೆ. ಕಣ್ಣು ಮುಚ್ಚಿ ಕೇಳಿದರು.

"ಚಲೋ ಐತೆ. ನನ್ನ ಹೆಸ್ರೆಲ್ಲಿ?"

"ಚರ್ಚಿನ ಹಾಡಲ್ಲಿ ಮನುಷ್ಯರ ಹೆಸ್ರು ಬರಂಗಿಲ್ಲಕ್ಕಾ. ನಿಯಮ ಐತೆ."

"ಮತ್ತೆ ಅಬ್ರಹಾಮ, ದಾವೀದ ಎಲ್ಲಾ ಬರ್ತಾರಲ್ಲೋ?"

"ಅವ್ರು ಬೈಬಲ್ಲಿನೋರು."

"ಮಾರ್ಥನೂ ಬೈಬಲ್ಲಿನಾಕಿನೇ ಅಲ್ವೇನೋ?"

ನಾನು ಹಾಳೆ ಮಡಚಿದೆ. ಅವರೇ ಸೋತರು. "ಬ್ಯಾಡ ಬಿಡು. ಯೇಸಪ್ಪನ ಹೆಸ್ರು ಐತಲ್ಲ, ಸಾಕು."

ಮಣ್ಣಿನ ದಿನ ಅದನ್ನೇ ಹಾಡಿದರು. ಎಲ್ಲರೂ ಅತ್ತರು. ಸತ್ತವರು ಯಾರೆಂದು ಮಾತ್ರ ಹಾಡಿನಲ್ಲಿ ಎಲ್ಲೂ ಇರಲಿಲ್ಲ.

ಮಹಾಜನರೇ, ಅಂಥ ನಿಯಮವೇ ಇಲ್ಲ. ಮಾರ್ಥ ಎಂಬುದಕ್ಕೆ ಆಗ ನನಗೆ ಸಿಕ್ಕ ಪ್ರಾಸ ವ್ಯರ್ಥ ಮತ್ತು ಸ್ವಾರ್ಥ, ಎರಡೇ. ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಳ್ಳು ಹೇಳಿದೆ. ಮಾರ್ಥಕ್ಕ ಎಂಬುದಕ್ಕೆ 'ಸಾರ್ಥಕ' ನನಗೆ ಹೊಳೆದದ್ದು ಸ್ಮಶಾನದಿಂದ ಬಂದು ಕಾಲು ತೊಳೆಯುವಾಗ.