ದೀಕ್ಷಾ ಹೆಸರಿನ ಟಿಕೆಟ್

ಮೂಕಾಂಬಿಕಾ ಅಕ್ಕೋರಿಗೆ ನಿಯಮವೆಂದರೆ ನಿಯಮ. ಮುರ್ಡೇಶ್ವರದಿಂದ ಕಡಲ ಬದಿಗೇ ಹೋದರೆ ಸಿಗುವ ಒಂದು ಊರಿನಲ್ಲಿ ಪಂಚಾಯ್ತಿಯ ಲೈಬ್ರರಿಯನ್ನು ಅವರು ಇಪ್ಪತ್ತೆರಡು ವರ್ಷದಿಂದ ಒಬ್ಬರೇ ನಡೆಸುತ್ತಿದ್ದಾರೆ. ಊರಿನ ಹೆಸರು ಬೇಡ. ಗೊತ್ತಿದ್ದವರಿಗೆ ಗೊತ್ತೇ ಇದೆ. ಅವರೇನು ಶಾಲೆಯಲ್ಲಿ ಪಾಠ ಹೇಳುವವರಲ್ಲ. ಆದರೆ ಈ ಕಡೆ ಕೈಯಲ್ಲಿ ಪುಸ್ತಕ, ಮೂಗಿನ ಮೇಲೆ ಕನ್ನಡಕ ಇರುವ ಹೆಂಗಸಿಗೆ ಅಕ್ಕೋರು ಅನ್ನದಿದ್ದರೆ ಊರವರ ನಾಲಿಗೆಗೆ ಸಮಾಧಾನವಿಲ್ಲ.

ಮುಟ್ಟಳ್ಳಿಯ ಗದ್ದೆ ಬದಿಯ ಮನೆಯಲ್ಲಿ ಹುಟ್ಟಿ, ಭಟ್ಕಳದಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದ ಮರುವರ್ಷವೇ ಲೈಬ್ರರಿಯ ಮೇಲ್ವಿಚಾರಕಿಯಾದವರು. ಒಂದು ಕೋಣೆ, ಆರು ಕಪಾಟು, ಎರಡು ಬೆಂಚು, ತಿರುಗಿದರೆ ತಿರುಗಿತು ಎಂಬಂಥ ಒಂದು ಫ್ಯಾನು. ಗೋಡೆಯ ಮೇಲೆ ಅವರೇ ದುಂಡಗೆ ಬರೆದು ಅಂಟಿಸಿದ ಹನ್ನೆರಡು ನಿಯಮಗಳು. ಟಿಕೆಟ್ ಇಲ್ಲದೆ ಪುಸ್ತಕವಿಲ್ಲ. ಒಬ್ಬರ ಟಿಕೆಟ್ಟಿಗೆ ಇನ್ನೊಬ್ಬರು ಪುಸ್ತಕ ಒಯ್ಯುವಂತಿಲ್ಲ. ಹದಿನೈದು ದಿನ ಮುಗಿದರೆ ತಂದು ತೋರಿಸಿ ಮತ್ತೆ ಬರೆಸಬೇಕು. ಊರು ಬಿಟ್ಟವರ ಟಿಕೆಟ್ ರದ್ದು. ಟಿಕೆಟ್ ಅಂದರೆ ಅಲ್ಲಿಯ ಸದಸ್ಯರ ಕಾರ್ಡು. ಒಮ್ಮೆ ಪಂಚಾಯ್ತಿ ಅಧ್ಯಕ್ಷರೇ ಟಿಕೆಟ್ ಮರೆತು ಬಂದಾಗ, "ಮನೆ ಹತ್ರವೇ ಅದೆ ಅಲ್ದಾ, ಹೋಗಿ ತಕಂಡು ಬನ್ನಿ" ಎಂದು ಕಳಿಸಿದ್ದರು. ಸ್ವಂತ ಗಂಡ ಸುಧಾಕರ ಪುಸ್ತಕ ಎರಡು ದಿನ ತಡಮಾಡಿದ್ದಕ್ಕೆ ಒಂದು ವಾರ ಅವನಿಗೆ ಪುಸ್ತಕವಿಲ್ಲ. "ಮನೆಲಿ ಹೆಂಡ್ತಿ, ಇಲ್ಲಿ ಪೊಲೀಸು" ಎಂದು ಅವನು ಎದುರಿಗೇ ನಗಾಡಿದ್ದ. ಅಕ್ಕೋರು ನಗಲಿಲ್ಲ.

ಹನ್ನೊಂದು ನಿಯಮಗಳು ಸರ್ಕಾರದವು. ಹನ್ನೆರಡನೆಯದು ಮಾತ್ರ ಅಕ್ಕೋರದೇ: ಯಾರು ಯಾವ ಪುಸ್ತಕ ಒಯ್ದರೆಂದು ಇನ್ನೊಬ್ಬರಿಗೆ ಹೇಳುವುದಿಲ್ಲ.

ಅದು ಬಂದ ಬಗೆ ಹೀಗೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೆಳ್ಳಿ ಎಂಬ ಹೊಸ ಸೊಸೆಯೊಬ್ಬಳು ಪೊಲೀಸ್ ಪರೀಕ್ಷೆಯ ಗೈಡು ಒಯ್ದಿದ್ದಳು. ಮಾರನೇ ದಿನ ಪಂಚಾಯ್ತಿಗೆ ಬಂದ ಅವಳ ಅತ್ತೆಗೆ ಅಕ್ಕೋರು ತಮಾಷೆಗೆಂದು, "ನಿಮ್ಮ ಸೊಸೆ ಪೊಲೀಸಾಗ್ತದೆ, ಇನ್ನು ಹುಷಾರಾಗಿರಿ" ಎಂದುಬಿಟ್ಟರು. ಸಂಜೆಯೇ ಅತ್ತೆ ಪುಸ್ತಕ ತಂದು ಮೇಜಿನ ಮೇಲೆ ಬಡಿದು ಹೋದಳು. ಬೆಳ್ಳಿ ಮತ್ತೆ ಲೈಬ್ರರಿಯ ಮೆಟ್ಟಿಲು ಹತ್ತಲಿಲ್ಲ. ಈಗಲೂ ಅವಳು ಕಡಲ ದಂಡೆಯಲ್ಲಿ ಮೀನು ಒಣಗಿಸುತ್ತಾಳೆ, ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ. ಬೈದಿದ್ದರಾದರೂ ಆಗುತ್ತಿತ್ತು, ಆ ನಗುವನ್ನು ಅಕ್ಕೋರಿಗೆ ತಡೆದುಕೊಳ್ಳಲು ಆಗುವುದಿಲ್ಲ.

ಇಂಥ ಅಕ್ಕೋರು ಈ ವರ್ಷ ತಾವೇ ಬರೆದ ಬೋರ್ಡಿನ ಕೆಳಗೆ ಕೂತು ಸುಳ್ಳು ಬರೆದರು. ಅದೂ ಒಂದು ಸಲವಲ್ಲ, ವಾರವಾರ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಅನ್ನಿ.

ಕಾರಣ ಗಂಗಿ. ಅರವತ್ತು ದಾಟಿದವಳು, ಮೀನು ಮಾರುವವಳು. ಬೆಳಿಗ್ಗೆ ಬುಟ್ಟಿ ಹೊತ್ತರೆ ಮಧ್ಯಾಹ್ನ ಬುಟ್ಟಿ ಖಾಲಿ. ಅವಳ ಮಗಳು ಅರ್ಚನಾ, ಅಳಿಯ, ಮೊಮ್ಮಗಳು ದೀಕ್ಷಾ ಅವಳ ಜೊತೆಗೇ ಇದ್ದರು. ಮೂರನೇ ಕ್ಲಾಸಿನ ದೀಕ್ಷಾ ಲೈಬ್ರರಿಯಿಂದ ಕಥೆ ಪುಸ್ತಕ ಒಯ್ದು ದಿನಾ ಸಂಜೆ ಅಜ್ಜಿಗೆ ಓದಿ ಹೇಳುತ್ತಿದ್ದಳು. ಮೇ ತಿಂಗಳಲ್ಲಿ ಅರ್ಚನಾಳ ಗಂಡನಿಗೆ ಕುಮಟೆಯಲ್ಲಿ ಕೆಲಸವಾಯಿತು, ಹೊಳನಗದ್ದೆಯಲ್ಲಿ ಮನೆಯಾಯಿತು, ಮೂವರೂ ಗಂಟುಮೂಟೆ ಕಟ್ಟಿದರು. ಅರ್ಧ ಓದಿದ ಒಂದು ಪುಸ್ತಕ ಮಾತ್ರ ಗಂಗಿಯ ಮನೆಯಲ್ಲಿ ಉಳಿಯಿತು.

ಜೂನ್ ಮೊದಲ ವಾರ ಗಂಗಿ ಅದನ್ನು ಹಿಂದಕ್ಕೆ ತಂದಳು. ಬುಟ್ಟಿ ಹೊರಗಿಟ್ಟು, ನಳದಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಒಳಗೆ ಬಂದು, ದೀಕ್ಷಾಳ ಟಿಕೆಟ್ಟನ್ನೂ ಮೇಜಿನ ಮೇಲಿಟ್ಟಳು. "ಇನ್ನೊಂದು ಕೊಡಿ ಅಕ್ಕೋರೆ. ಮೊಮ್ಮಗಳಿಗೆ ಬಸ್ಸಿಗೆ ಕೊಟ್ಟು ಕಳಿಸ್ತೆ."

ಊರು ಬಿಟ್ಟ ಮಗುವಿನ ಟಿಕೆಟ್! ಅಕ್ಕೋರು ಕೆಂಪು ಪೆನ್ನು ಎತ್ತಿದರು. ಗಂಗಿಯ ಮುಖ ನೋಡಿದರು. ಏನೋ ಅನ್ನಿಸಿ, ಇದೊಂದು ಸಲ ಎಂದುಕೊಂಡು ಪುಸ್ತಕ ಕೊಟ್ಟರು.

ಸ್ವಲ್ಪ ಹೊತ್ತಿನಲ್ಲಿ ಕಿಟಕಿ ಹಾಕಲು ಎದ್ದವರಿಗೆ ಹಿಂಬದಿಯಿಂದ ಸಣ್ಣ ದನಿ ಕೇಳಿಸಿತು. ಬಗ್ಗಿ ನೋಡಿದರೆ ಗೇರು ಮರದ ಕಟ್ಟೆಯ ಮೇಲೆ ಗಂಗಿ. ಮಡಿಲಲ್ಲಿ ಪುಸ್ತಕ. ಅಕ್ಷರದ ಕೆಳಗೆ ಬೆರಳಿಟ್ಟು, "ಮೊ... ಲ... ವು..." ಎಂದು ಕೂಡಿಸಿಕೊಂಡು ಓದುತ್ತಿದ್ದಾಳೆ. ಒತ್ತಕ್ಷರ ಬಂದ ಕೂಡಲೇ ಬೆರಳು ನಿಂತಿತು. ಅಕ್ಕೋರು ಕಿಟಕಿ ಹಾಕದೆ ಹಿಂದೆ ಸರಿದರು.

ಮುಂದಿನ ವಾರ ನೇರವಾಗಿಯೇ ಕೇಳಿದರು. "ಗಂಗಕ್ಕ, ನಿಮ್ಮ ಹೆಸರಿಗೇ ಒಂದು ಟಿಕೆಟ್ ಮಾಡ್ಸೂಕಾಗ್ದಾ?"

ಗಂಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬ್ಯಾಡ ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೆ. ಹಿಂದೆ ಸಾಕ್ಷರತೆ ಶಾಲೆ ಅಂತ ಮಾಡಿದ್ರಲ್ಲ, ಆಗ ನಾಕು ದಿನ ಹೋಗಿದ್ದೆ. ನನ್ನ ಪಕ್ಕ ಮೀನು ಮಾರೂ ನಾಗು 'ಬಿಎ ಗಂಗಿ, ಬಿಎ ಗಂಗಿ' ಅಂತ ಹೆಸರಿಟ್ಟಳು. ಎರಡು ವರ್ಷ ಮೀನು ಪೇಟೆಲಿ ತಲೆ ಎತ್ತೂಕೆ ಕೊಡ್ಲಿಲ್ಲ. ಅಂದೇ ಬಿಟ್ಟೆ. ಈಗ ಮುದುಕಿ ಆದ್ಮೇಲೆ ಮತ್ತೆ ಅ ಆ ಅಂದ್ರೆ ಬಿಡ್ತ್ರಾ? ಈ ಮೊಮ್ಮಗಳು ಕಥೆ ಅರ್ಧಕ್ಕೆ ಬಿಟ್ಟು ಹೋಯ್ತು ಮಾರಾಯ್ರೆ. ಆ ನರಿ ಎಂತ ಆತು ಅಂತ ತಿಳಿಯೂಕೆ ನಂಗೆ ಹತ್ತು ದಿನ ಬೇಕಾತು. ಆದ್ರೆ ತಿಳೀತು."

ತಿಳೀತು ಅನ್ನುವಾಗ ಅವಳ ಮುಖದಲ್ಲಿ ಎಂಥ ಖುಷಿ! ಅಕ್ಕೋರು ರಿಜಿಸ್ಟರಿನಲ್ಲಿ 'ದೀಕ್ಷಾ' ಎಂದು ಬರೆದರು. ಪ್ರತಿ ಸಲ ಬರೆಯುವಾಗಲೂ ಒಳಗೆ ಚುರುಕ್ಕೆನ್ನುತ್ತಿತ್ತು, ಆದರೂ ಬರೆದರು. ಗಂಗಿ ವಾರಕ್ಕೆ ಎರಡರಂತೆ ಒಯ್ದಳು, ಮುಗಿಸಿದಳು, ಮತ್ತೆ ಬಂದಳು. ಬೇಸಾಯದ ದಿನಗಳಲ್ಲಿ ಲೈಬ್ರರಿಗೆ ಬೇರೆ ಯಾರೂ ಇಲ್ಲದಾಗ ಅಕ್ಕೋರೇ ಬೆಂಚಿನಲ್ಲಿ ಪಕ್ಕ ಕೂತು ಒತ್ತಕ್ಷರ ಬಿಡಿಸಿ ಹೇಳಿದರು. "ಮಕ್ಕಳ ಕಪಾಟು ಮೀನು ನಾತ ಬತ್ತದೆ" ಎಂದು ಯಾರೋ ದೂರಿದಾಗ, "ಕಡಲ ಬದಿ ಊರಲ್ಲಿ ಮತ್ತೆ ಅತ್ತರು ಬತ್ತದ್ಯಾ?" ಎಂದು ಬಾಯಿ ಮುಚ್ಚಿಸಿದರು.

ನವೆಂಬರಿನಲ್ಲಿ ಗ್ರಂಥಾಲಯ ಸಪ್ತಾಹ ಬಂತು. ಪಂಚಾಯ್ತಿಗೆ ಹೊಸದಾಗಿ ಬಂದ ಅಧಿಕಾರಿ ಸಂಜಯ ಚುರುಕಿನ ಮನುಷ್ಯ. ಅತಿ ಹೆಚ್ಚು ಓದಿದ ಮಗುವಿಗೆ ಸನ್ಮಾನ ಮಾಡಬೇಕೆಂದು ಹೊರಟು, ಸೋಮವಾರ ಬೆಳಿಗ್ಗೆ ತಾವೇ ಬಂದು ರಿಜಿಸ್ಟರ್ ಬಿಡಿಸಿದರು.

"ಮೇಡಂ, ಯಾರಿದು ದೀಕ್ಷಾ? ಜೂನ್‌ನಿಂದ ಈಚೆಗೆ ನಲವತ್ತಾರು ಪುಸ್ತಕ! ಈ ಮಗುವನ್ನೇ ವೇದಿಕೆಗೆ ಕರೆಯೋಣ."

ಬೆಂಚಿನಲ್ಲಿ ಪೇಪರು ಹಿಡಿದು ಕೂತಿದ್ದ ಲಿಂಗಪ್ಪ ತಲೆ ಎತ್ತಿದ. ಪೋಸ್ಟ್‌ಮ್ಯಾನ್ ಆಗಿದ್ದವನು, ನಿವೃತ್ತಿಯಾದರೂ ಊರಿನವರ ವಿಳಾಸವೆಲ್ಲ ಅವನಿಗೆ ಬಾಯಿಪಾಠ. "ಅರ್ಚನಾನ ಮಗಳಾ? ಅದು ಮೇ ತಿಂಗಳಲ್ಲೇ ಹೊಳನಗದ್ದೆಗೆ ಹೋಯ್ತಲ್ರಾ ಸಾಯ್ಬ್ರೆ! ಇಲ್ಲೆಲ್ಲಿ ಅದೆ?" ಎಂದ. ಕೆಟ್ಟದ್ದು ಮಾಡಬೇಕೆಂದು ಹೇಳಿದ್ದಲ್ಲ. ವಿಳಾಸ ತಪ್ಪಿದರೆ ಅವನಿಗೆ ಸಹಿಸಲಾಗುವುದಿಲ್ಲ, ಅಷ್ಟೇ.

ಸಂಜಯರ ನಗು ಹಾರಿಹೋಯಿತು. "ಹಾಗಾದರೆ ಈ ಪುಸ್ತಕ ಯಾರಿಗೆ ಕೊಟ್ಟಿರಿ ಮೇಡಂ?"

"ಓದುವವರಿಗೇ ಕೊಟ್ಟೆ ಸರ್."

"ಹೆಸರು?"

"ಹೇಳೂಕೆ ಬರೂದಿಲ್ಲ. ಹನ್ನೆರಡನೇ ನಿಯಮ."

ಸಂಜಯ ಗೋಡೆ ನೋಡಿದರು. "ಇದು ಇಲಾಖೆಯ ಸುತ್ತೋಲೆಯಲ್ಲೇ ಇಲ್ಲವಲ್ಲ!"

"ಇಲ್ಲ ಸರ್. ನಾನೇ ಬರೆದದ್ದು."

"ನಿಮ್ಮ ನಿಯಮಕ್ಕಾಗಿ ಸರ್ಕಾರದ ನಿಯಮ ಮುರಿದಿರಾ?" ಸಂಜಯ ಕೂಗಾಡಲಿಲ್ಲ, ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಶುಕ್ರವಾರದೊಳಗೆ ಬರವಣಿಗೆಯಲ್ಲಿ ವಿವರಣೆ ಬೇಕು. ಹೆಸರು ಕೊಟ್ಟರೆ ಎಚ್ಚರಿಕೆ ಕೊಟ್ಟು ಮುಗಿಸುತ್ತಾರೆ. ಕೊಡದಿದ್ದರೆ ಓದಿದವರ ಸಂಖ್ಯೆ ಹೆಚ್ಚಿಸಿ ತೋರಿಸಲು ಸುಳ್ಳು ದಾಖಲೆ ಮಾಡಿದ್ದೆಂದು ಕಡತ ಕಾರವಾರದ ಜಿಲ್ಲಾ ಕಚೇರಿಗೆ ಹೋಗುತ್ತದೆ. ಕೆಲಸ ಉಳಿಯುತ್ತದೆ ಎಂದು ಅವರು ಭರವಸೆ ಕೊಡಲಾರರು.

ಸುಧಾಕರ ರಾತ್ರಿ ಊಟಕ್ಕೆ ಕೂತವನು ತುತ್ತು ಬಾಯಿಗಿಡಲಿಲ್ಲ. "ಹೇಳಿಬಿಡು ಮಾರಾಯ್ತಿ. ಪುಸ್ತಕ ಒಯ್ದವ್ರು ಎಂತ ಕಳ್ಳತನ ಮಾಡಿದ್ದಾ?"

"ಬೆಳ್ಳಿನೂ ಕಳ್ಳತನ ಮಾಡಿರ್ಲಿಲ್ಲ" ಎಂದರು ಅಕ್ಕೋರು.

ಅಕ್ಕೋರಿಗೂ ಹೆದರಿಕೆಯಾಗಿತ್ತು, ಇಲ್ಲವೆಂದಲ್ಲ. ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಮಾರನೇ ದಿನ ಬಿಳಿ ಹಾಳೆಯಲ್ಲಿ ನಾಲ್ಕೇ ಸಾಲು ಬರೆದರು: ತಪ್ಪು ನನ್ನದು, ಬರೆದ ಕೈ ನನ್ನದು, ಪುಸ್ತಕವೆಲ್ಲ ಓದಿ ವಾಪಸಾಗಿದೆ, ಓದಿದವರ ಹೆಸರು ಕೊಡಲಾರೆ. ಬರೆದು ಮಡಚಿ ಮೇಜಿನ ಖಾನೆಯಲ್ಲಿಟ್ಟರು.

ಊರ ಬಾಯಿಗೆ ಮುಚ್ಚಳ ಉಂಟೇ? ಗುರುವಾರ ಮೀನು ಪೇಟೆಯಲ್ಲಿ ಲಿಂಗಪ್ಪ ಬಂಗಡೆ ಆರಿಸುತ್ತ ಕಥೆಯನ್ನೆಲ್ಲ ಬಿಚ್ಚಿದ. "ಅಕ್ಕೋರ ಕೆಲಸ ಹೋತದಂತೆ ಪಾಪ. ಯಾರಿಗೆ ಕೊಟ್ಟದ್ದು ಅಂತ ಬಾಯೇ ಬಿಡೂದಿಲ್ಲ."

ನಾಗು ಬಿಡುವವಳೇ? "ಯಾರೋ ನಮ್ಮಂಥ ದಡ್ಡಿಗೆ ಕೊಟ್ಟಿರ್ಬೇಕು, ಹೇಳ್ಕಂಬೂಕೆ ನಾಚ್ಕೆ" ಎಂದು ಕಿಲಕಿಲ ನಕ್ಕಳು. ಸುತ್ತಲಿನವರೂ ನಕ್ಕರು. ಪಕ್ಕದಲ್ಲೇ ಮೀನು ಕೊಯ್ಯುತ್ತಿದ್ದ ಗಂಗಿಯ ಕತ್ತಿ ನಿಂತಿತು. ಅವಳು ಅಂದು ಅರ್ಧ ಬುಟ್ಟಿ ಮೀನು ಹಾಗೇ ಮನೆಗೆ ಹೊತ್ತೊಯ್ದಳು. ಮೂವತ್ತು ವರ್ಷದಲ್ಲಿ ಹಾಗಾದದ್ದು ಇದೇ ಮೊದಲು.

ಶುಕ್ರವಾರ ಮಧ್ಯಾಹ್ನ ಸಂಜಯ ಬಂದು ಕೂತಿದ್ದಾರೆ, ಅಕ್ಕೋರು ಖಾನೆಯಿಂದ ಹಾಳೆ ತೆಗೆಯುತ್ತಿದ್ದಾರೆ. ಲಿಂಗಪ್ಪನ ಪೇಪರು ತಲೆಕೆಳಗಾಗಿದೆ, ಕಿವಿ ಇತ್ತ. ಗಂಗಿ ಒಳಗೆ ಬಂದಳು. ಅವಳ ನಡಿಗೆಯ ಬಿರುಸು ನೋಡಿಯೇ ಏನೋ ಇದೆ ಎಂದು ನಾಗುವೂ ಮತ್ತಿಬ್ಬರು ಹೆಂಗಸರೂ ಹಿಂದೆಯೇ ಬಂದು ಬಾಗಿಲಲ್ಲಿ ಗುಂಪುಗಟ್ಟಿದರು.

"ಸಾಯ್ಬ್ರೆ, ಆ ಪುಸ್ತಕ ಒಯ್ದದ್ದು ನಾನು."

"ಗಂಗಕ್ಕ, ನೀವು ಸುಮ್ನಿರಿ" ಎಂದು ಅಕ್ಕೋರು ಎದ್ದುನಿಂತರು.

"ನಾ ಎಷ್ಟು ದಿನ ಸುಮ್ನಿರೂದು? ನಂಗೆ ಓದೂಕೆ ಬರ್ತಿರ್ಲಿಲ್ಲ. ಮಕ್ಕಳ ಪುಸ್ತಕ ಓದಿ ಕಲ್ತೆ. ಇವ್ರೇ ಕಲ್ಸಿದ್ರು. ನನ್ನ ಮಾನ ಹೋತದೆ ಅಂತ ಅವ್ರು ಕೆಲಸ ಕಳ್ಕಂಬೂದಾ? ಅದೆಂಥ ಮಾನ ನಂದು?"

ಸಂಜಯ ಅವಳನ್ನೂ ಅಕ್ಕೋರನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ಇದನ್ನು ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ ಅಮ್ಮ" ಎಂದು ಖಾಲಿ ಹಾಳೆಯ ಜೊತೆ ಹೆಬ್ಬೆಟ್ಟಿನ ಶಾಯಿ ಡಬ್ಬಿಯನ್ನೂ ಮುಂದಕ್ಕೆ ತಳ್ಳಿದರು. ರೇಷನ್ ಅಂಗಡಿಯಿಂದ ಬ್ಯಾಂಕಿನವರೆಗೆ ಗಂಗಿಯ ಹೆಬ್ಬೆಟ್ಟು ಒತ್ತಿಸದ ಕಚೇರಿಯಿಲ್ಲ.

ಗಂಗಿ ಡಬ್ಬಿಯನ್ನು ಬದಿಗೆ ಸರಿಸಿದಳು. "ಪೆನ್ನು ಕೊಡಿ" ಎಂದಳು.

ಬರೆಯಲು ಕೂತಳು. ಓದಲು ಬಂದಷ್ಟು ಬರೆಯಲು ಬರುತ್ತಿರಲಿಲ್ಲ. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು ಇಳಿಸಿದಳು. ಹಣೆಯ ಬೆವರು ಹಾಳೆಯ ಮೇಲೆ ಬಿತ್ತು. ಕಾಲು ಗಂಟೆ ಹಿಡಿಯಿತು. 'ದೀಕ್ಷಾ ಪುಸ್ತಕ ಓದಿದು ನಾನು ಗಂಗಿ' ಎಂದಾಯಿತು. ಒಂದು ಒತ್ತು ಬಿಟ್ಟುಹೋಗಿತ್ತು. ಅಕ್ಕೋರು ನೋಡಿದರು, ತಿದ್ದಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸಂಜಯ ಎರಡೂ ಹಾಳೆಗಳನ್ನು ಕಡತಕ್ಕೆ ಸೇರಿಸಿದರು. "ಎಚ್ಚರಿಕೆ ಪತ್ರ ಮಾತ್ರ ಕೊಡಲೇಬೇಕು ಮೇಡಂ."

"ಕೊಡಿ ಸರ್. ತಪ್ಪು ತಪ್ಪೇ" ಎಂದು ಅಕ್ಕೋರು ಕೆಂಪು ಪೆನ್ನಿನಿಂದ ದೀಕ್ಷಾಳ ಟಿಕೆಟ್ ಹೊಡೆದುಹಾಕಿ, ಗಂಗಿಯ ಹೆಸರಿಗೆ ಹೊಸದು ಬರೆದರು.

"ಇದಕ್ಕೆ ಮಕ್ಕಳ ಕಪಾಟಿನ ಪುಸ್ತಕ ಕೊಡ್ತ್ರಾ?" ಗಂಗಿ ಕೇಳಿದಳು.

"ಇಲ್ಲ. ದೊಡ್ಡವರ ಟಿಕೆಟ್ಟಿಗೆ ದೊಡ್ಡವರದ್ದೇ."

"ಥೋ ಅಕ್ಕೋರೆ, ಇಷ್ಟೆಲ್ಲ ಆದ್ಮೇಲೂ!" ಲಿಂಗಪ್ಪನಿಗೆ ತಡೆಯಲಾಗಲಿಲ್ಲ.

"ನೀ ಸುಮ್ನಿರಾ ಲಿಂಗಪ್ಪ. ಅವ್ರು ಸರೀನೇ ಹೇಳಿದ್ರು" ಎಂದು ಗಂಗಿ ದೊಡ್ಡವರ ಕಪಾಟಿಗೆ ನಡೆದಳು. ಕೈಗೆ ಸಿಕ್ಕ ದಪ್ಪನೆಯ ಪುಸ್ತಕ ತೆಗೆದು, ಬೆಂಚಿನಲ್ಲಿ ಕೂತು, ಎಲ್ಲರ ಎದುರಿಗೇ ಗಟ್ಟಿಯಾಗಿ ಮೊದಲ ಸಾಲು ಕೂಡಿಸತೊಡಗಿದಳು.

ಬಾಗಿಲಲ್ಲಿದ್ದ ಹೆಂಗಸರು ನಾಗುವಿನ ಮುಖ ನೋಡಿದರು; ಈಗ ಬಂತು ಇನ್ನೊಂದು ಅಡ್ಡಹೆಸರು ಎಂದೇ ಕಾದರು. ಅಕ್ಕೋರೂ ಕಾದರು. ನಾಗು ಬುಟ್ಟಿ ಕೆಳಗಿಟ್ಟಳು. ನಳದ ಹತ್ತಿರ ಹೋಗಿ ಕೈ ತೊಳೆದು ಬಂದು ಬೆಂಚಿನ ತುದಿಯಲ್ಲಿ ಕೂತಳು.

"ಅದೆಲ್ಲಿ ಓದ್ತಿದ್ದೆ, ನಂಗೂ ತೋರ್ಸೇ" ಎಂದಳು.

ಗಂಗಿ ಅವಳ ಬೆರಳು ಹಿಡಿದು ಮೊದಲ ಅಕ್ಷರದ ಕೆಳಗೆ ಇಟ್ಟಳು.