ಟೀವಿಯಲ್ಲಿ ಉರಿದ ಬೋಟು

ಹೊನ್ನಾವರದ ಬಂದರಿನ ಚಾ ಅಂಗಡಿಯಲ್ಲಿ ಟೀವಿಯ ಎದುರಿನ ಬೆಂಚು ಬೋಟು ಡ್ರೈವರನೊಬ್ಬನದ್ದೇ. ಸುದ್ದಿಯನ್ನು ಯಾರಾದರೂ ಅನುಮಾನಿಸಿದರೆ ಸಾಕು, ಸುಟ್ಟ ಕಲೆಯಿದ್ದ ಬಲಗೈಯನ್ನು ಪರದೆಯತ್ತ ಚಾಚಿ, “ತೋರಿಸ್ತಾ ಇದ್ದಾರಲ್ಲ ಮಾರಾಯಾ, ಇನ್ನೆಂತ ಬೇಕು?” ಅನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು.

ನೆರೆದೇಶದ ಜೊತೆ ಕ್ಷಿಪಣಿಗಳು ಹಾರಾಡಿದ ಆ ವಾರ ಅವನು ಕೂಲಿಗೆ ಓಡಿಸುವ ಬೋಟಿನಲ್ಲಿ ಮೀನಿಗೂ ಹೋಗಲಿಲ್ಲ. ಒಂದು ಬೆಳಿಗ್ಗೆ ಟೀವಿ ಕಿರುಚಿತು: ಶತ್ರುವಿನ ಬಂದರು ಧ್ವಂಸ! ಪರದೆ ತುಂಬ ಬೆಂಕಿ. ಮೊದಲು ಎದ್ದು ಚಪ್ಪಾಳೆ ತಟ್ಟಿದವ ಅವನೇ. “ಸುಡ್ಲಿ, ಎಲ್ಲಾ ಸುಡ್ಲಿ!”

ತಟ್ಟುತ್ತಿದ್ದ ಕೈ ಹಾಗೇ ನಿಂತಿತು. ಉರಿಯುತ್ತಿದ್ದ ಬೋಟಿನ ಮುಂದುಗಡೆ ಅವನ ಮಗಳು ಬಿಡಿಸಿದ ಹಳದಿ ನವಿಲಿತ್ತು.

“ಇದು ನನ್ನ ಬೋಟು,” ಅಂದ. “ಹೋದ ವರ್ಷ ಇಲ್ಲೇ, ನಮ್ಮ ಬಂದರಿನ ಧಕ್ಕೆಯಲ್ಲೇ ಸುಟ್ಟದ್ದು. ನೀವೆಲ್ಲ ಇದ್ರಲ್ಲ!”

ಇದ್ದರು. ನಾನೂ ಇದ್ದೆ. ಅವನ ಕೈ ಸುಟ್ಟ ಆ ದಿನ ಓಡೋಡಿ ನೀರು ಹೊತ್ತವರೇ ಈಗ ಅಂಗಡಿ ತುಂಬ ಕೂತಿದ್ದರು. ಒಬ್ಬನೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಅಂಗಡಿಯವ ಟೀವಿಯ ದನಿ ಏರಿಸಿ ಅವನತ್ತ ತಿರುಗಿದ.

“ತೋರಿಸ್ತಾ ಇದ್ದಾರಲ್ಲ ಮಾರಾಯಾ, ಇನ್ನೆಂತ ಬೇಕು?”