ದೊಡ್ಡಮ್ಮ ತೊಳೆಯದೆ ಬಿಟ್ಟ ತೊಟ್ಟಿ

ನಮ್ಮ ದೊಡ್ಡಮ್ಮನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಫಿನಾಯಿಲಮ್ಮ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಆಯಾ ಆಗಿದ್ದವಳು. ನೆಲ, ಗೋಡೆ, ಮೇಜು, ರಕ್ತ ಮೆತ್ತಿದ ಟ್ರೇ ಎಲ್ಲವನ್ನೂ ತೊಳೆಯುತ್ತಲೇ ಆಯುಷ್ಯ ಸವೆಸಿದಳು. ನಿವೃತ್ತಿಯಾದ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಅವಳ ಮನೆಗೆ ಹೋದರೆ ಚಪ್ಪಲಿ ಬಿಟ್ಟರೆ ಸಾಲದು, ಕಾಲೂ ತೊಳೆಯಬೇಕು, ತೊಳೆದ ಕಾಲನ್ನು ಅವಳು ಬಗ್ಗಿ ನೋಡಿ ಹೂಂ ಅನ್ನುವವರೆಗೆ ಬಾಗಿಲಲ್ಲೇ ನಿಲ್ಲಬೇಕು. ನಾವೆಲ್ಲ ನಗುತ್ತಿದ್ದೆವು. ಆ ದುಡಿಮೆಯಲ್ಲೇ ಓದಿ ಮುಂದೆ ಬಂದ ಅವಳ ಮಗಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಆ ಮಗಳು ನನಗಿಂತ ಚಿಕ್ಕವಳು, ಹಾಗಾಗಿ ನನಗೆ ತಂಗಿ. ಅವಳಿಗೆ ಹೆಣ್ಣು ಮಗುವಾಯಿತು. ರಜೆ ಮುಗಿಯುತ್ತ ಬಂದಂತೆ ಮಗುವನ್ನು ಹಗಲು ಹೊತ್ತು ಎಲ್ಲಿ ಬಿಡುವುದು ಅನ್ನುವ ಮಾತು ಬಂತು. ದೊಡ್ಡಮ್ಮ ಬಾಯಿ ಬಿಟ್ಟು ಕೇಳಿದಳು: "ನನ್ನ ಹತ್ರ ಬಿಡಮ್ಮ. ನನಗಿನ್ನೇನು ಕೆಲಸ?" ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮುಂದಿನ ವಾರ ಅಳಿಯ ಬಂದ. ಕೈಯಲ್ಲಿ ಗಾಜಿನ ತೊಟ್ಟಿ, ಒಂದು ಫಿಲ್ಟರ್, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದಷ್ಟು ಬಣ್ಣದ ಮೀನು.

"ಅತ್ತೆ, ಮೊದಲು ಇವನ್ನ ಸಾಕಿ ತೋರಿಸಿ. ಇವು ಬದುಕಿದ್ರೆ ಮಗೂನೂ ಬಿಡ್ತೀವಿ," ಅಂದು ನಕ್ಕ.

ನಗುತ್ತ ಹೇಳಿದರೂ ಅದು ತಮಾಷೆ ಆಗಿರಲಿಲ್ಲ. ಹೆತ್ತು, ಹೊತ್ತು, ಓದಿಸಿ ಮದುವೆ ಮಾಡಿದವಳಿಗೆ ಮೀನಿನ ಪರೀಕ್ಷೆ! ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಆಗಲಿ ಅಂತ ತಲೆಯಾಡಿಸಿದಳು.

ಶುರುವಾಯಿತು ನೋಡಿ ತೊಳೆಯುವುದು. ತೊಟ್ಟಿಗೆ ಹಾಕುವ ಕಲ್ಲುಗಳನ್ನು ಕುದಿಸಿದಳು. ನೀರು ಚೂರು ಮಬ್ಬಾದರೆ ಸಾಕು, ಪೂರ್ತಿ ಚೆಲ್ಲಿ ನಲ್ಲಿಯಿಂದ ಹೊಸದಾಗಿ ತುಂಬಿಸಿದಳು. ಫಿಲ್ಟರಿನೊಳಗಿನ ಸ್ಪಂಜು ಲೋಳೆಯಾಗುತ್ತದೆ ಅಂತ ದಿನಾ ಅದನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿ, ಉಜ್ಜಿ, ಹಿಂಡಿ, ಬಿಸಿಲಿಗಿಟ್ಟಳು. ತೊಟ್ಟಿ ಥಳಥಳ ಅನ್ನುತ್ತಿತ್ತು. ಒಳಗಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಅಡ್ಡಬಿತ್ತು. ಮರುದಿನ ಇನ್ನೊಂದು. ಸತ್ತದ್ದನ್ನು ಎತ್ತಿಹಾಕಿ ಅವಳು ಇನ್ನೂ ಜೋರಾಗಿ ತೊಳೆದಳು. ಕೊನೆಗೆ ಉಳಿದದ್ದು ಬಾಲ ಹರಿದ ಕಿತ್ತಳೆ ಬಣ್ಣದ ಒಂದೇ ಒಂದು.

"ನಾನೇನು ಕಮ್ಮಿ ಮಾಡಿದೀನಿ? ಅದರಲ್ಲಿ ಒಂದು ಕ್ರಿಮಿ ಇದ್ರೆ ತೋರಿಸು ನೋಡೋಣ!" ಅಂತ ನನ್ನೆದುರು ಅತ್ತಳು. ಮಗುವಿಗಾಗಿ ಅಳುತ್ತಿದ್ದಾಳೆ ಅಂತ ಇಬ್ಬರಿಗೂ ಗೊತ್ತಿತ್ತು.

ಮೀನಿನ ಅಂಗಡಿಗೆ ಕರೆದುಕೊಂಡು ಹೋದೆ. ನಡೆದದ್ದನ್ನೆಲ್ಲ ಕೇಳಿದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಜ್ಜಿ, ಮೀನು ತಿನ್ನೋದೂ ಅಲ್ಲೇ, ಹೇಲೋದೂ ಅಲ್ಲೇ. ಆ ಹೊಲಸು ನೀರಲ್ಲಿ ವಿಷ ಆಗುತ್ತೆ. ಸ್ಪಂಜಲ್ಲಿ ಕಣ್ಣಿಗೆ ಕಾಣದ ಕ್ರಿಮಿ ಹುಟ್ಕೊಂಡು ಆ ವಿಷಾನ ತಿಂದುಹಾಕುತ್ತೆ. ಹೊಸ ತೊಟ್ಟೀಲಿ ಅವು ಕೂಡಿಕೊಳ್ಳೋಕೇ ವಾರಗಟ್ಟಲೆ ಬೇಕು. ನೀವು ದಿನಾ ಅವನ್ನೇ ಹುಡುಕಿ ಕೊಂದಿದೀರಿ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಬೇರೆ."

"ಹಾಗಾದ್ರೆ ಕ್ರಿಮಿ ಇರಬೇಕಾ?"

"ಇರಲೇಬೇಕು. ತೊಳೆಯೋದು ನಿಲ್ಲಿಸಿ, ಅಷ್ಟು ಸಾಕು."

ಅವನು ತನ್ನ ಹಳೆಯ ತೊಟ್ಟಿಯಿಂದ ಕಿತ್ತುಕೊಟ್ಟ ಕಂದು ಬಣ್ಣದ ಸ್ಪಂಜಿನ ತುಂಡನ್ನು ದೊಡ್ಡಮ್ಮ ಎರಡೇ ಬೆರಳಲ್ಲಿ ಹಿಡಿದು ಮನೆಗೆ ತಂದಳು. ಆದರೂ ಅದನ್ನು ಹಾಗೇ ಫಿಲ್ಟರಿಗೆ ತುರುಕಿದಳು. ಬ್ರಷ್ಷನ್ನು ಅಟ್ಟದ ಮೇಲೆ ಹಾಕಿದಳು. ಕ್ಲೋರಿನ್ ಹೋಗಲಿ ಅಂತ ಬಕೆಟ್ಟಿನಲ್ಲಿ ನೀರನ್ನು ಒಂದು ದಿನ ಬಿಟ್ಟು, ಅದರಲ್ಲಿ ಒಂದೆರಡು ಚೊಂಬು ಮಾತ್ರ ಬದಲಿಸುವಳು. ಗಾಜಿಗೆ ಪಾಚಿ ಹಿಡಿಯಿತು. ಒರೆಸಬೇಕು ಅಂತ ಅವಳ ಜೀವ ಚಡಪಡಿಸುವುದು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ತೊಟ್ಟಿಯ ಮುಂದೆ ಕೂತಿರುತ್ತಿದ್ದಳು. ಕಿತ್ತಳೆ ಮೀನು ಮೆಲ್ಲಗೆ ತಳಕ್ಕಿಳಿದು ಓಡಾಡತೊಡಗಿತು. "ಇವತ್ತು ಹಾಕಿದ್ದೆಲ್ಲ ತಿಂತು ಕಣೆ," ಅಂತ ನನಗೆ ಫೋನ್ ಮಾಡಿ ಹೇಳುವಳು. ಕಿಟಕಿ ಪಕ್ಕದ ಮಂಚ ಸರಿಸಿ ಮಗುವಿಗೆ ಜಾಗವನ್ನೂ ಮಾಡಿದಳು.

ಒಂದು ಭಾನುವಾರ ಗಂಡ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದರು. ನಾನೂ ಅಲ್ಲೇ ಇದ್ದೆ. ಮಗುವನ್ನು ಅಮ್ಮನ ಕೈಗೆ ಕೊಟ್ಟ ತಂಗಿ ನೆಟ್ಟಗೆ ತೊಟ್ಟಿಯ ಹತ್ತಿರ ಹೋದಳು.

"ಅಮ್ಮಾ, ಏನಿದು ಗಲೀಜು? ನೀನಿರೋ ಮನೇನಾ ಇದು?"

"ಗಲೀಜಲ್ಲ ಕಣೆ. ಕ್ರಿಮಿ ಬೇಕು ಅದಕ್ಕೆ. ತೊಳೆದ್ರೆ ಸಾಯುತ್ತೆ."

ತಂಗಿ ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ಕ್ರಿಮಿ ಬೇಕಂತೆ. ನಾಳೆ ಹಾಲಿನ ಬಾಟಲಿಗೂ ಬೇಕು ಅಂತಾಳೆ!"

ವಾಪಸ್ ಬಂದವಳೇ ಮಗುವನ್ನು ದೊಡ್ಡಮ್ಮನ ತೊಡೆಯಿಂದ ಎತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಅಂಗಡಿಯವನೇ ಹೇಳಿದ್ದು, ನಾನೂ ಇದ್ದೆ," ಅಂದೆ.

"ನೀನು ಸುಮ್ನಿರಕ್ಕ. ಅವಳಿಗೆ ಮರೆವು, ನಿನಗೆ ಅವಳ ಮೇಲೆ ಕುರುಡು ಮೋಹ."

ಅಳಿಯ ಆಗಲೇ ಅಂಗಿಯ ತೋಳು ಮಡಚಿದ್ದ. "ಹೋಗ್ಲಿ ಬಿಡಿ, ಪಾಪ, ವಯಸ್ಸಾಯ್ತು. ನಾನೇ ತೊಳೆದುಕೊಡ್ತೀನಿ." ಸ್ಪಂಜನ್ನು ಹೊರಗೆಳೆದು, ಅಡುಗೆಮನೆಯ ಸಿಂಕಿಗೆ ಒಯ್ದು, ಪಾತ್ರೆ ತೊಳೆಯುವ ಸಾಬೂನು ಹಚ್ಚಿ ಹಿಂಡತೊಡಗಿದ.

ನಾನು ದೊಡ್ಡಮ್ಮನನ್ನು ಮೊಣಕೈಯಿಂದ ತಿವಿದೆ. ಅವಳು ಅಳಿಯನಿಗೆ ಕೈ ಒರೆಸಲು ಟವೆಲ್ ಹಿಡಿದುಕೊಂಡು ನಿಂತಿದ್ದಳು.

"ಹೇಳು ದೊಡ್ಡಮ್ಮ," ಅಂದೆ ಅವಳ ಕಿವಿಯ ಹತ್ತಿರ ಬಾಗಿ.

"ಸುಮ್ನಿರು. ಅವರ ಕಣ್ಣಿಗೆ ಚೆನ್ನಾಗಿ ಕಂಡ್ರೆ ಮಗೂನ ಬಿಡ್ತಾರೆ. ಮೀನು ತಾನೆ, ಸತ್ರೆ ಸಾಯಲಿ."

ಅವನು ಗಾಜು ಉಜ್ಜಿ, ನಲ್ಲಿ ನೀರು ತುಂಬಿದ ಮೇಲೆ ತೊಟ್ಟಿ ಥಳಥಳ ಹೊಳೆಯಿತು. "ನೋಡಿ ಅತ್ತೆ, ಹೀಗಿರಬೇಕು," ಅಂದ ಅಳಿಯ. "ನೀವು ಮಾಡಿದ್ರೆ ಮಾಡಿದ ಹಾಗೆ," ಅಂದಳು ದೊಡ್ಡಮ್ಮ. ಹೊರಡುವ ಮುಂಚೆ ತಂಗಿ ಮಗುವನ್ನು ಮತ್ತೆ ಒಂದು ಗಳಿಗೆ ಅವಳ ಕೈಗೆ ಕೊಟ್ಟಳು. ಅಷ್ಟಕ್ಕೇ ಅವಳ ಮುಖ ಅರಳಿಹೋಯಿತು.

ಮರುದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಎರಡು ದಿನ ಕಳೆದು, ನಾನು ದೊಡ್ಡಮ್ಮನ ಮನೆಯಲ್ಲಿದ್ದಾಗ, ತಂಗಿ ಫೋನ್ ಮಾಡಿದಳು. ದೊಡ್ಡಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಿದ್ದಳು. ಹಾಗಾಗಿ ನಾನೂ ಎಲ್ಲ ಕೇಳಿಸಿಕೊಂಡೆ.

"ಮೀನು ಹೇಗಿದೆ?"

"ಸತ್ತುಹೋಯ್ತಮ್ಮ."

"ನೋಡಿದ್ಯಾ? ಅಷ್ಟು ಚೆನ್ನಾಗಿ ತೊಳೆದುಕೊಟ್ರೂ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನಿನಗೆ. ನಾನು ಮಗೂನ ಡೇ ಕೇರಿಗೆ ಸೇರಿಸ್ದೆ. ತುಂಬ ಕ್ಲೀನಾಗಿದೆ."

ದೊಡ್ಡಮ್ಮ ಖಾಲಿ ತೊಟ್ಟಿಯನ್ನೇ ನೋಡುತ್ತಿದ್ದಳು. ಅಳಿಯ ಸಾಬೂನು ಹಚ್ಚಿದ್ದನ್ನು ಈಗಲಾದರೂ ಹೇಳಬಹುದಿತ್ತು.

"ಅಮ್ಮಾ, ಇದೀಯಾ? ಅಲ್ಲಿ ನೆಲ, ಬಾತ್‌ರೂಮ್ ತೊಳೆಯೋಕೆ ಜನ ಬೇಕಂತೆ. ನಿನ್ನ ವಿಷಯ ಹೇಳಲಾ? ನಿನಗೂ ಹೊತ್ತು ಹೋಗುತ್ತೆ."

ನಾನು ಫೋನ್ ಕಿತ್ತುಕೊಳ್ಳಲು ಕೈ ಚಾಚಿದೆ. ದೊಡ್ಡಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಲ್ಲಿ ಮಗೂನ ಎತ್ಕೋಬಹುದಾ?"

"ಇಲ್ಲಮ್ಮ. ತೊಳೆಯೋರು ಮಕ್ಕಳನ್ನ ಮುಟ್ಟೋ ಹಾಗಿಲ್ವಂತೆ."

"ಸರಿ," ಅಂದಳು ದೊಡ್ಡಮ್ಮ. "ಯಾವತ್ತಿಂದ ಬರಲಿ?"